ಹಸನಬ್ಬರ ಕಿಂಡಿ ರಟ್ಟು

ಹೇಳಿದ ಕ್ರಯಕ್ಕೆ ನಾನು ಏನನ್ನಾದರೂ ಕೊಂಡದ್ದು ಜೀವಮಾನದಲ್ಲಿ ಒಂದೇ ಸಲ. ಮೀನಿನ ದಕ್ಕೆಯಲ್ಲಿ ಬಂಗುಡೆ ಮಾರುವ ಹೆಂಗಸರು ನನ್ನನ್ನು ದೂರದಲ್ಲಿ ಕಂಡರೇ ಬುಟ್ಟಿಗೆ ಗೋಣಿ ಮುಚ್ಚುತ್ತಿದ್ದರು. ಮದುವೆಯ ದಿನ ವಾಲಗದವರ ಹತ್ತಿರ ಚೌಕಾಶಿ ಮಾಡುತ್ತ ಕೂತು ಮುಹೂರ್ತ ತಪ್ಪಿಸುವವನಿದ್ದೆ ಎಂದು ಹೆಂಡತಿ ಈಗಲೂ ಹೇಳುತ್ತಾಳೆ. ಅಂಥ ನಾನು ಒಂದು ಉತ್ತರಕ್ಕೆ, ಕೇಳಿದ ಕ್ರಯವನ್ನು ಒಂದಿಷ್ಟೂ ಇಳಿಸದೆ ಕೊಟ್ಟೆ. ಆ ಕ್ರಯ ಒಂದು ವಾಕ್ಯ. ಅದನ್ನು ಹನ್ನೊಂದು ಜನರ ಎದುರು ನಿಂತು, ಹಿಂದಿನ ಗೋದಾಮಿಗೂ ಕೇಳುವಷ್ಟು ಜೋರಾಗಿ ಹೇಳಬೇಕಿತ್ತು. ಯಾಕೆ ಅಷ್ಟು ದುಬಾರಿಯಾಯಿತು ಎಂದರೆ, ಎಂಟು ದಿನ ಮೊದಲು ಅದೇ ಹನ್ನೊಂದು ಜನರ ಎದುರು ನಾನು ಇನ್ನೊಂದು ವಾಕ್ಯವನ್ನು ಪುಕ್ಕಟೆ ಹೇಳಿಬಿಟ್ಟಿದ್ದೆ.

ಕಂಪ್ಯೂಟರಿನ ಕೆಲಸಕ್ಕೆ ಹೊಸದಾಗಿ ಸೇರುವವರು ಕಾವೂರಿನ ನಮ್ಮ ಮನೆಗೆ ಬಂದು, "ನಿಮ್ಮ ಕಾಲದಲ್ಲಿ ಹೇಗಿತ್ತು ಸರ್?" ಎಂದು ಕೇಳುವುದುಂಟು. ನಾನು ಹೇಗೆ ಮೇಲೆ ಬಂದೆ ಎಂಬ ಕಥೆ ಬೇಡ. ಅದನ್ನು ಬೀಳ್ಕೊಡುಗೆಯ ದಿನ ಮೂರು ಜನ ಭಾಷಣ ಮಾಡಿ ಹೇಳಿದ್ದಾರೆ, ಮೂವರೂ ತಪ್ಪಾಗಿ. ಹೇಗೆ ಕೆಳಗೆ ಬಿದ್ದೆ ಎಂಬುದು ನಿಮಗೆ ಹೆಚ್ಚು ಉಪಯೋಗ.

ನಮ್ಮದು ಕೊಟ್ಟಾರದ ಹೆದ್ದಾರಿ ಬದಿಯ ಪಾರ್ಸೆಲ್ ಸರ್ವಿಸು. ಎದುರಿಗೆ ಕೌಂಟರು, ಹಿಂದೆ ಗೋದಾಮು, ಬದಿಯಲ್ಲಿ ಲಾರಿಗಳು. ಧಣಿ ಸಂಜೀವ ಶೆಟ್ಟರು. ಗದ್ದೆ ತೋಟ ನೋಡಿಕೊಂಡಿದ್ದ ಮನೆತನ. ಇವರು ಮಾತ್ರ ಲಾರಿ ಹಿಡಿದರು. ನಾನು ಎಪ್ಪತ್ತರ ದಶಕದ ಮೊದಲಲ್ಲಿ ಎಸ್ಸೆಸ್ಸೆಲ್ಸಿ ಸರ್ಟಿಫಿಕೇಟು ಮತ್ತು ಒಂದು ಒಳ್ಳೆಯ ಪೆನ್ನು ಹಿಡಿದುಕೊಂಡು ಕ್ಲರ್ಕಾಗಿ ಸೇರಿದೆ. ಕೌಂಟರಿನಲ್ಲಿ ಹಸನಬ್ಬ ಇದ್ದರು. ಬಂದರಿನಲ್ಲಿ ಅಕ್ಕಿ ವ್ಯಾಪಾರ ಮಾಡಿದ, ಕರಾವಳಿಯ ಮುಸ್ಲಿಮರಾದ ಬ್ಯಾರಿಗಳ ಮನೆತನದವರು. ವ್ಯಾಪಾರ ಅಣ್ಣಂದಿರ ಪಾಲಾದ ಮೇಲೆ ನಮ್ಮಲ್ಲಿಗೆ ಬಂದು, ಮೊದಲು ಗೋದಾಮಿನಲ್ಲಿ ಮೂಟೆ ಎಣಿಸಿ, ಆಮೇಲೆ ಕೌಂಟರಿಗೆ ಬಂದವರು. ನನಗಿಂತ ಹದಿನೈದು ವರ್ಷ ದೊಡ್ಡವರು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಅವನ ಹೆಸರು, ಅವನ ಪಾರ್ಸೆಲಿನ ನಂಬ್ರ, ಅದು ಎಲ್ಲಿ ತಲುಪಿದೆ ಎಂಬುದು ಮೂರೂ ಅವರ ಬಾಯಲ್ಲಿ ತಯಾರಿರುತ್ತಿತ್ತು. ನಮ್ಮ ಮಾತೆಲ್ಲ ತುಳುವಿನಲ್ಲಿ, ಹಸನಬ್ಬರಿಗೆ ಸಿಟ್ಟು ಬಂದರೆ ಅವರ ಬ್ಯಾರಿ ಭಾಷೆಯಲ್ಲಿ. ಇಲ್ಲಿ ಎಲ್ಲವನ್ನೂ ಕನ್ನಡಕ್ಕೆ ಇಳಿಸಿ ಬರೆಯುತ್ತಿದ್ದೇನೆ.

ಆ ಕಾಲಕ್ಕೆ ಎಲ್ಲವೂ ಒಂದು ದೊಡ್ಡ ರಿಜಿಸ್ಟರಿನಲ್ಲಿ. ಒಂದು ಪಾರ್ಸೆಲಿಗೆ ಒಂದು ಸಾಲು: ನಂಬ್ರ, ಕಳಿಸಿದವರು, ಪಡೆಯುವವರು, ಮಾಲು, ತೂಕ, ಕೊನೆಯಲ್ಲಿ 'ಈಗ ಎಲ್ಲಿದೆ'. ಗೋದಾಮು, ಲಾರಿ, ಹಾಸನ, ಹುಬ್ಬಳ್ಳಿ ಎಂದು ಕೊನೆಯ ಅಂಕಣ ಮಾತ್ರ ದಿನಾ ಬದಲಾಗುತ್ತದೆ. ಅದು ಕೌಂಟರಿನವರ ಕೆಲಸ. ತೂಕ ಗೋದಾಮಿನವರ ಅಧಿಕಾರ. ಅವರು ಪುನಃ ತೂಗಿ, ತಪ್ಪಿದ್ದರೆ ತಿದ್ದುತ್ತಿದ್ದರು.

ನನಗೋ ಅಕ್ಷರದ ಹುಚ್ಚು. ಹೊಡೆದು ಹಾಕಿದ ಗೆರೆಗಳಿರುವ ಸಾಲು ಕಂಡರೆ ಕೈ ತುರಿಸುತ್ತಿತ್ತು. ಕೊನೆಯ ಅಂಕಣ ಗಲೀಜಾದ ಕೂಡಲೇ ಒಂದು ಕಾಗದದ ಪಟ್ಟಿ ಅಂಟಿಸಿ, ಗಿರಾಕಿಯ ರಶೀದಿಯ ಪ್ರತಿ ನೋಡಿ, ಇಡೀ ಸಾಲನ್ನು ಮುತ್ತಿನಂಥ ಅಕ್ಷರದಲ್ಲಿ ಪುನಃ ಬರೆಯುತ್ತಿದ್ದೆ. ರಶೀದಿಯಲ್ಲಿರುವುದು ಮೊದಲಿನ ತೂಕ. ಗೋದಾಮಿನವರು ತಿದ್ದಿದ್ದು ನನ್ನ ಪಟ್ಟಿಯ ಅಡಿಯಲ್ಲಿ ಸಮಾಧಿ. ಹೀಗೆ ಒಂದು ತಿಂಗಳು ಚೆಂದ ಮಾಡಿದ ಮೇಲೆ, ಪುಸ್ತಕದಲ್ಲಿ ಹಗುರವಾಗಿದ್ದ ಲಾರಿಯೊಂದು ಚೆಕ್‌ಪೋಸ್ಟಿನ ತಕ್ಕಡಿಯಲ್ಲಿ ಭಾರವಾಗಿ ಅಲ್ಲಿಯೇ ಒಂದು ಹಗಲು ನಿಂತಿತು.

ಧಣಿಗಳು ರಿಜಿಸ್ಟರನ್ನು ಮೇಜಿಗೆ ಬಡಿದರು. "ಎಂತ ಮಾರಾಯ ಇದು? ನಿನಗೆ ಬರೆಯಲಿಕ್ಕೆ ಹೇಳಿದ್ದು ಒಂದು ಶಬ್ದ. ನೀನು ಪುಸ್ತಕವೇ ಬರೆದೆಯಲ್ಲ!"

ಹಸನಬ್ಬರು ಮಧ್ಯಾಹ್ನ ಅಂಗಿಯ ಪೆಟ್ಟಿಗೆಯ ಒಂದು ರಟ್ಟು ತಂದು, ರಿಜಿಸ್ಟರಿನ ಪುಟದ ಅಳತೆಗೆ ಕತ್ತರಿಸಿದರು. ಪ್ರತಿ ಅಂಕಣದ ಮೇಲೆ ಒಂದು ಕಿಂಡಿ. ಎಲ್ಲ ಕಿಂಡಿಗಳಿಗೂ ಪಾರದರ್ಶಕ ಕಾಗದ ಅಂಟಿಸಿದರು. ಕೊನೆಯದೊಂದು ಮಾತ್ರ ತೂತಾಗಿಯೇ ಬಿಟ್ಟರು. ರಟ್ಟನ್ನು ಪುಟದ ಮೇಲೆ ಇಟ್ಟರೆ ಎಲ್ಲ ಕಾಣುತ್ತದೆ, ಆದರೆ ಪೆನ್ನು ಇಳಿಯುವುದು 'ಈಗ ಎಲ್ಲಿದೆ' ಎಂಬಲ್ಲಿ ಮಾತ್ರ.

"ಇಗೊ ಸದಾಶಿವ, ಇನ್ನು ಎಷ್ಟು ಬೇಕಾದ್ರೂ ಚೆಂದ ಮಾಡು" ಎಂದರು.

ಆ ರಟ್ಟು ಹರಿದಂತೆಲ್ಲ ಹೊಸದು ಕತ್ತರಿಸಿ ಹದಿನೈದು ವರ್ಷ ನಡೆಸಿದೆವು.

ಎಂಬತ್ತರ ದಶಕದ ಕೊನೆಯಲ್ಲಿ ಕಂಪ್ಯೂಟರು ಬಂತು. ಅದನ್ನು ಕಲಿತದ್ದೂ ಚೌಕಾಶಿಯಲ್ಲಿಯೇ. ಬಲ್ಮಠದ ಒಂದು ಕಂಪ್ಯೂಟರ್ ಕ್ಲಾಸಿನ ಪೆಟ್ಟಿಗೆಗಳು ನಮ್ಮ ಲಾರಿಯಲ್ಲಿ ಬಂದಿದ್ದವು. ಎರಡನೇ ಮಹಡಿಗೆ ಜಾಗ್ರತೆಯಾಗಿ ಹೊರಿಸಿ ಕೊಟ್ಟೆ. ಬದಲಿಗೆ ಸಂಜೆ ಕ್ಲಾಸಿನ ಹಿಂದಿನ ಬೆಂಚು ಕೇಳಿದೆ. ಮದರಾಸಿನ ಕಂಪೆನಿಯವರು ನಮಗೆ ಒಂದು ದೊಡ್ಡ ಯಂತ್ರ, ಮೂರು ಪರದೆ ಮಾರಲು ಬಂದಾಗ ಅವರ ಜೊತೆ ಕೂತು ಕ್ರಯ ಇಳಿಸಿದವನೂ ನಾನೇ. ಎಲ್ಲಿ ಇಳಿಸಿದೆ ಎಂದರೆ, ಕೌಂಟರಿನವರಿಗೂ ಗೋದಾಮಿನವರಿಗೂ ಕೊಡಬೇಕಾಗಿದ್ದ ಒಂದು ವಾರದ ತರಬೇತಿಯನ್ನು ತೆಗೆದುಹಾಕಿಸಿ. "ನಾನು ಕಲಿತು ಇವರಿಗೆ ಹೇಳಿಕೊಡ್ತೇನೆ ಧಣಿಗಳೇ, ಯಾಕೆ ಸುಮ್ನೆ ಖರ್ಚು?" ಎಂದೆ. ಧಣಿಗಳು ನನ್ನ ಬೆನ್ನು ತಟ್ಟಿದರು. ಹಸನಬ್ಬರು ಅವತ್ತಿನಿಂದ ನನ್ನನ್ನು ಬಹುವಚನದಲ್ಲಿ ಮಾತಾಡಿಸಲು ಸುರು ಮಾಡಿದರು. ನಾನು ಅದನ್ನು ಗೌರವ ಎಂದುಕೊಂಡೆ.

ಈಗ ಸ್ವಲ್ಪ ಯಂತ್ರದ ವಿಷಯ. ಒಳಗೆ ಎಲ್ಲ ಪಾರ್ಸೆಲುಗಳ ದೊಡ್ಡ ಪಟ್ಟಿ ಇರುತ್ತದೆ. ಅದಕ್ಕೆ ಟೇಬಲ್ ಎನ್ನುತ್ತಾರೆ. ಯಾರಿಗೆ ಎಷ್ಟು ಕಾಣಬೇಕೋ ಅಷ್ಟನ್ನೇ ತೋರಿಸಲು ಅದರ ಮೇಲೆ ಒಂದು ಕಿಂಡಿ ಮಾಡಬಹುದು, ಅದು ವ್ಯೂ. ಆ ವ್ಯೂನಲ್ಲಿ ಇಂಥವರು ಇಂಥ ಅಂಕಣವನ್ನು ಮಾತ್ರ ತಿದ್ದಬಹುದು ಎಂದು ಅಪ್ಪಣೆ ಬರೆಯಬಹುದು. ಸರಿಯಾಗಿ ಹಸನಬ್ಬರ ರಟ್ಟೇ. ನಾನು ಅವರ ಹೆಸರಿಗೆ ಒಂದು ಲಾಗಿನ್ ಮಾಡಿ, 'ಈಗ ಎಲ್ಲಿದೆ' ಅಂಕಣಕ್ಕೆ ಅಪ್ಪಣೆ ಕೊಟ್ಟು, ಸುಂದರವಾದ ಒಂದು ಸ್ಕ್ರೀನು ಬರೆದುಕೊಟ್ಟೆ. ಅಕ್ಷರ ನನ್ನದಲ್ಲದಿದ್ದರೂ ಅಂಚುಗೆರೆ ನನ್ನದೇ.

ಮೊದಲ ದಿನ ಹಸನಬ್ಬರು ಒಂದು ಪಾರ್ಸೆಲನ್ನು ಗೋದಾಮಿನಿಂದ ಲಾರಿಗೆ ಹಾಕಿ ಗುಂಡಿ ಒತ್ತಿದರು. ಪರದೆಯ ಬುಡದಲ್ಲಿ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು: ಪರ್ಮಿಷನ್ ಡಿನೈಡ್.

"ಅಪ್ಪಣೆ ಇಲ್ಲ ಅಂತ ಹೇಳ್ತದೆ" ಎಂದರು ಹಸನಬ್ಬ. "ಯಾರದ್ದು? ನಾನು ಈ ಕೌಂಟರಿಗೆ ಬಂದಾಗ ಇದರ ಅಜ್ಜ ಹುಟ್ಟಿರ್ಲಿಲ್ಲ."

ನೋಡಿದರೆ ನಾನು ಅಪ್ಪಣೆಯನ್ನು ಟೇಬಲಿನ ಮೇಲೆ ಕೊಟ್ಟಿದ್ದೆ. ಅವರು ಬರುತ್ತಿದ್ದುದು ವ್ಯೂ ಮೂಲಕ. ಹಿತ್ತಿಲ ಬಾಗಿಲಿನ ಕೀಲಿ ಕೊಟ್ಟು ಎದುರು ಬಾಗಿಲಲ್ಲಿ ನಿಲ್ಲಿಸಿದ ಹಾಗೆ. ಸರಿಮಾಡಿದೆ. ಆದರೂ ಅದೇ ಸಾಲು. ಮದರಾಸಿಗೆ ಟ್ರಂಕ್ ಕಾಲ್ ಹಾಕಿದೆ. ಅಲ್ಲಿನ ಎಂಜಿನಿಯರು ಹೇಳಿದ್ದು ನನಗೆ ಕೇಳಿಸಲಿಲ್ಲ, ನಾನು ಹೇಳಿದ್ದು ಇಡೀ ಕೊಟ್ಟಾರಕ್ಕೆ ಕೇಳಿಸಿತು. ಹೊರಗೆ ಲಾರಿಯ ಡ್ರೈವರು ಕ್ಲೀನರಿಗೆ ಹೇಳುತ್ತಿದ್ದ: "ಪಾಪ, ಯಾರಿಗೋ ಪರ್ಮಿಷನ್ ಸಿಗ್ಲಿಲ್ಲ. ಮದುವೆ ವಿಷಯ ಇರ್ಬೇಕು."

ಮೂರನೇ ದಿನ, ಬಿಟ್ಟುಹೋಗಿದ್ದ 'ಮಾಲು' ಅಂಕಣವನ್ನು ವ್ಯೂಗೆ ಸೇರಿಸಬೇಕಾಯಿತು. ಹಳೆಯದನ್ನು ಅಳಿಸಿ ಹೊಸದು ಮಾಡಿದೆ. ಅಳಿಸಿದಾಗ ಅದರ ಮೇಲಿದ್ದ ಅಪ್ಪಣೆಗಳೂ ಅಳಿದು ಹೋಗುತ್ತವೆಂದು ನನಗೆ ಗೊತ್ತಿರಲಿಲ್ಲ. ಅದನ್ನು ಕಂಡುಹಿಡಿಯಲು ಇನ್ನೊಂದು ಹಗಲು ಹೋಯಿತು. ಅಪ್ಪಣೆ ಪುನಃ ಬರೆದೆ. ಆದರೂ ಹಸನಬ್ಬರು ಒತ್ತಿದರೆ ಅದೇ ಸಾಲು.

ಇಷ್ಟರಲ್ಲಿ ಕೌಂಟರಿನ ಎದುರು ಗಿರಾಕಿಗಳ ಸಾಲು ಹೆದ್ದಾರಿಯವರೆಗೆ ಬೆಳೆದಿತ್ತು. ಧಣಿಗಳು ಇಳಿದು ಬಂದರು. ಆಫೀಸಿನವರು, ಹಮಾಲಿಗಳು ಎಲ್ಲ ಸುತ್ತ ನಿಂತರು. ನಾನು ನನ್ನ ಸ್ವಂತ ಲಾಗಿನ್ನಿನಲ್ಲಿ ಒಳಹೊಕ್ಕು, ಅದೇ ಪಾರ್ಸೆಲನ್ನು ಲಾರಿಗೆ ಹಾಕಿ, ಗುಂಡಿ ಒತ್ತಿದೆ. ಹೋಯಿತು. ಆಗ ಬಾಯಿಂದ ಆ ವಾಕ್ಯ ಬಂತು:

"ನೋಡಿ ಧಣಿಗಳೇ, ಯಂತ್ರ ಸರಿಯೇ ಉಂಟು. ಬೆರಳು ಸರಿ ಇಲ್ಲ."

ಎಲ್ಲರೂ ನಕ್ಕರು. ಹಸನಬ್ಬರು ತಮ್ಮ ಬೆರಳುಗಳನ್ನು ಒಮ್ಮೆ ನೋಡಿಕೊಂಡರು.

ಧಣಿಗಳು ಕೆಟ್ಟವರಲ್ಲ, ಅವಸರದವರು. "ಬ್ಯಾರಿಗಳೇ, ಬರುವ ಶನಿವಾರದ ಒಳಗೆ ಆಗದಿದ್ರೆ ನೀವು ಮೊದಲಿನ ಹಾಗೆ ಗೋದಾಮಿಗೆ ಹೋಗಿ ಮೂಟೆ ಎಣಿಸಿ. ನನ್ನ ಭಾವನ ಮಗ ಟೈಪಿಂಗ್ ಪಾಸಾಗಿ ಕೂತಿದ್ದಾನೆ, ಕೌಂಟರಿಗೆ ಅವ ಬರ್ಲಿ" ಎಂದರು.

ಅಲ್ಲಿಂದ ಮುಂದೆ ಒಂದು ವಾರ ನಾನು ಹಸನಬ್ಬರಿಗೆ ಗುಂಡಿ ಒತ್ತುವುದನ್ನು ಹೇಳಿಕೊಟ್ಟೆ. ಮೆಲ್ಲಗೆ ಒತ್ತಿ, ಗಟ್ಟಿಯಾಗಿ ಒತ್ತಿ, ಉಸಿರು ಬಿಟ್ಟು ಒತ್ತಿ. ಅವರು ಹೇಳಿದ ಹಾಗೆಲ್ಲ ಒತ್ತಿದರು. ಗಿರಾಕಿ ಬಂದರೆ ಮೊದಲಿನ ಹಾಗೆ ಹೆಸರು ಹಿಡಿದು ಕರೆಯುವುದನ್ನು ನಿಲ್ಲಿಸಿದ್ದರು. ಅದು ನನಗೆ ತಡವಾಗಿ ಗಮನಕ್ಕೆ ಬಂತು. ಮೂಟೆ ಎಣಿಸುವುದು ಅವರಿಗೆ ಅವಮಾನವಾಗಿರಲಿಲ್ಲ. ಗೋದಾಮಿನಲ್ಲಿ ಮಾತಾಡಲು ಗಿರಾಕಿಗಳಿಲ್ಲ ಎಂಬುದೇ ಅವರ ಸಂಕಟ.

ಶುಕ್ರವಾರ ಮಧ್ಯಾಹ್ನ ಹಸನಬ್ಬರು ನಮಾಜು ಮುಗಿಸಿ ಬಂದ ಮೇಲೆ ಕೊನೆಯ ಸಲ ಎಂದು ಕೂತೆವು. ನಾನು ನನ್ನ ಲಾಗಿನ್ನಿನಲ್ಲಿ, ಅವರ ಪರದೆಯ ಮೇಲೆ, ಹಾಸನಕ್ಕೆ ಹೋಗುವ ಒಂದು ಒಣಮೀನಿನ ಗೋಣಿಯನ್ನು ತೆರೆದೆ. ತೂಕ ನಲುವತ್ತು ಕಿಲೋ ಎಂದಿತ್ತು. ತೆರೆದಿಟ್ಟುಕೊಂಡೇ ಅವರಿಗೆ ಬೆರಳಿನ ಶಾಸ್ತ್ರ ಹೇಳುತ್ತಿದ್ದೆ. ಅಷ್ಟರಲ್ಲಿ ಹಿಂದಿನಿಂದ ಗೋದಾಮಿನ ಲಕ್ಷ್ಮಣ ಕೂಗಿದ, "ಒಣಮೀನು ನಲುವತ್ತೆರಡು!" ಅವನಿಗೂ ಪರದೆ ಇತ್ತು, ತೂಕ ತಿದ್ದಲು ಅದರಲ್ಲಿ ಮದರಾಸಿನವರದೇ ಬೇರೆ ಪ್ರೋಗ್ರಾಮು ಇತ್ತು, ಆದರೆ ಕೂಗುವ ಅಭ್ಯಾಸ ಬಿಟ್ಟಿರಲಿಲ್ಲ. ನಾನು ಪಾಠ ಮುಗಿಸಿ, 'ಗೋದಾಮು' ಎಂದಿದ್ದಲ್ಲಿ 'ಲಾರಿ' ಎಂದು ಮಾಡಿ ಒತ್ತಿದೆ. ಹೋಯಿತು.

"ಕಂಡ್ರಾ?" ಎಂದೆ.

"ಕಂಡೆ" ಎಂದರು ಹಸನಬ್ಬ. "ಆ ಗೋಣಿಯನ್ನು ಪುನಃ ಒಂದು ಸಲ ತೆಗೀರಿ."

ತೆಗೆದೆ. ತೂಕ ನಲುವತ್ತು.

"ಲಕ್ಷ್ಮಣ ಕೂಗಿದ್ದು ಎಷ್ಟು?"

"ಅವ ಕೂಗಿದ, ತಿದ್ದಿರ್ಲಿಕ್ಕಿಲ್ಲ."

ಲಕ್ಷ್ಮಣ ಅಲ್ಲಿಂದಲೇ, "ತಿದ್ದಿದ್ದೇನೆ ಮಾರಾಯ್ರೆ! ಪ್ರಿಂಟರಿನಲ್ಲಿ ಚೀಟಿ ಸಹ ತೆಗೆದಿದ್ದೇನೆ, ನೋಡಿ ಬೇಕಾದ್ರೆ" ಎಂದು ಕಾಗದ ಹಿಡಿದುಕೊಂಡು ಬಂದ. ಚೀಟಿಯಲ್ಲಿ ನಲುವತ್ತೆರಡು. ಪರದೆಯಲ್ಲಿ ನಲುವತ್ತು. ನಾನು ಎರಡನ್ನೂ ನೋಡುತ್ತ ಕೂತೆ. ಹಸನಬ್ಬರು ಎದ್ದು ಒಳಗೆ ಹೋಗಿ, ಕಪಾಟಿನ ಮೇಲಿಂದ ಏನೋ ತೆಗೆದು, ಧೂಳು ಕೊಡವಿಕೊಂಡು ಬಂದರು. ರಟ್ಟು.

"ನಿಮ್ಮ ಯಂತ್ರಕ್ಕೆ ಎಂತ ರೋಗ ಅಂತ ನನಗೆ ಗೊತ್ತಾಯ್ತು" ಎಂದರು. ಎಂಟು ದಿನಗಳಲ್ಲಿ ಮೊದಲ ಸಲ ಅವರ ಮುಖದಲ್ಲಿ ನಗು ಇತ್ತು. "ಹೇಳ್ತೇನೆ. ಆದ್ರೆ ಕ್ರಯ ಉಂಟು."

"ಎಷ್ಟು?"

"ಅವತ್ತು ಬೆರಳಿನ ವಿಷಯ ಹೇಳಿದ್ರಲ್ಲ. ಅದೇ ಜಾಗದಲ್ಲಿ, ಅಷ್ಟೇ ಜನರ ಎದುರು, ಅಷ್ಟೇ ಜೋರಾಗಿ ವಾಪಸು ತೆಗೀಬೇಕು."

ನಾನು ಚೌಕಾಶಿಗೆ ಇಳಿದೆ. "ಧಣಿಗಳ ರೂಮಿನಲ್ಲಿ, ನಾವು ಮೂವರೇ ಇರುವಾಗ ಹೇಳ್ತೇನೆ ಹಸನಬ್ಬಾಕ" ಎಂದೆ, ಹೆಸರಿಗೆ ಹಿರಿಯರನ್ನು ಕರೆಯುವ 'ಆಕ' ಸೇರಿಸಿ.

"ಇಲ್ಲ."

"ಐದು ಜನರ ಎದುರು?"

"ನೀವು ಹೇಳುವಾಗ ಹನ್ನೊಂದು ಜನ ಇದ್ರು. ನಾನು ಲೆಕ್ಕ ಮಾಡಿದ್ದೇನೆ. ಮೂಟೆ ಎಣಿಸಿದವ ನಾನು."

"ಒಂದು ಬುಟ್ಟಿ ಅಂಜಲ್ ಮೀನು?"

"ಅದು ಕೊಸರಿಗೆ ಇರ್ಲಿ. ಕ್ರಯ ಅದೇ."

"ಒಪ್ಪಿದೆ. ಆದ್ರೆ ಮೊದಲು ಉತ್ತರ, ನಾಳೆ ಕ್ರಯ."

ಅದೊಂದಕ್ಕೆ ಒಪ್ಪಿದರು. ರಟ್ಟನ್ನು ಪರದೆಯ ಎದುರು ಹಿಡಿದರು.

"ಇದನ್ನು ನಾನು ಯಾಕೆ ಕತ್ತರಿಸಿದ್ದು, ನೆನಪುಂಟಾ? ಒಂದು ಶಬ್ದ ಬದಲಿಸಲಿಕ್ಕೆ ಇಡೀ ಸಾಲನ್ನು ಪುನಃ ಬರೆಯುವ ಒಬ್ಬ ಇದ್ದ ನಮ್ಮಲ್ಲಿ. ಹಳೇ ತೂಕ ಹಾಗೆ ವಾಪಸು ಬರ್ತಿತ್ತು. ಈಗ ಅವ ಈ ಪೆಟ್ಟಿಗೆಯ ಒಳಗೆ ಕೂತಿದ್ದಾನೆ."

ನನ್ನ ಕಿವಿ ಬಿಸಿಯಾಯಿತು. ಪ್ರೋಗ್ರಾಮು ತೆಗೆದು ನೋಡಿದೆ. ಹೌದು. ಸ್ಕ್ರೀನಿನಲ್ಲಿ ಏನೇನು ಕಾಣುತ್ತಿತ್ತೋ ಅಷ್ಟನ್ನೂ ಬಾಚಿ ಒಂದೇ ಸಲ ಪುನಃ ಬರೆಯುವಂತೆ ಮಾಡಿದ್ದೆ. ನಂಬ್ರ ಅದೇ ನಂಬ್ರಕ್ಕೆ, ಹೆಸರು ಅದೇ ಹೆಸರಿಗೆ, ತೂಕ ತೆರೆದಾಗ ಕಂಡ ಅದೇ ತೂಕಕ್ಕೆ. ಹಾಗೆ ಬರೆಯುವುದು ಸುಲಭ, ನೋಡಲಿಕ್ಕೂ ಚೆಂದ. ಹಸನಬ್ಬರು ಬದಲಿಸಿದ್ದು ಒಂದೇ ಅಂಕಣ. ಆದರೆ ನನ್ನ ಪ್ರೋಗ್ರಾಮು ಅವರ ಹೆಸರಿನಲ್ಲಿ ಆರೂ ಅಂಕಣಗಳನ್ನು ತಿದ್ದಲು ಹೋಗುತ್ತಿತ್ತು. ಐದಕ್ಕೆ ಅವರಿಗೆ ಅಪ್ಪಣೆ ಇಲ್ಲ. ಯಂತ್ರ ಬಾಗಿಲು ಹಾಕುತ್ತಿತ್ತು, ಅದು ನ್ಯಾಯವೇ. ನನ್ನ ಲಾಗಿನ್ನಿಗೆ ಎಲ್ಲ ಅಂಕಣಗಳ ಅಪ್ಪಣೆಯೂ ಇದ್ದದ್ದರಿಂದ ನಾನು ಒತ್ತಿದಾಗಲೆಲ್ಲ ಹೋಗುತ್ತಿತ್ತು, ಹೋಗುವಾಗ ಲಕ್ಷ್ಮಣನ ತೂಕವನ್ನೂ ಅಳಿಸಿಕೊಂಡು ಹೋಗುತ್ತಿತ್ತು.

ತಿದ್ದಿದ್ದು ಒಂದು ಸಾಲು. 'ಈಗ ಎಲ್ಲಿದೆ' ಒಂದನ್ನು ಬಿಟ್ಟು ಉಳಿದ ಐದನ್ನು ಹೊಡೆದು ಹಾಕಿದೆ. ಹಸನಬ್ಬರು ತಮ್ಮ ಲಾಗಿನ್ನಿನಲ್ಲಿ, ತಮ್ಮ ಅದೇ ಬೆರಳಿನಲ್ಲಿ ಒತ್ತಿದರು. ಹೋಯಿತು. ಇನ್ನೊಂದು. ಹೋಯಿತು. ಆಮೇಲೆ ನಾನು ಸಾಕು ಎಂದರೂ ಕೇಳದೆ ಅವತ್ತಿನ ಎಲ್ಲ ಪಾರ್ಸೆಲುಗಳನ್ನೂ ಒತ್ತಿ ಮುಗಿಸಿದರು.

ಶನಿವಾರ ಬೆಳಿಗ್ಗೆ ಧಣಿಗಳು ಬಂದರು. ಜೊತೆಗೆ ಅವರ ಭಾವನ ಮಗ, ಇಸ್ತ್ರಿ ಅಂಗಿ, ಕಿಸೆಯಲ್ಲಿ ಎರಡು ಪೆನ್ನು. ಎಲ್ಲರೂ ಸೇರಿದರು. ಹಸನಬ್ಬರು ಒಂದು ಪಾರ್ಸೆಲನ್ನು ಲಾರಿಗೆ ಹಾಕಿ ತೋರಿಸಿದರು. ಧಣಿಗಳು ಚಪ್ಪಾಳೆ ತಟ್ಟಿದರು.

"ಭೇಷ್ ಸದಾಶಿವ! ಬ್ಯಾರಿಗಳಿಗೂ ಕಲಿಸಿಬಿಟ್ಟೆಯಲ್ಲ ಮಾರಾಯ! ಆದ್ರೂ ಎಂಟು ದಿನ ಹಿಡೀತಲ್ಲ ಕಲೀಲಿಕ್ಕೆ... ಇವರ ಪ್ರಾಯಕ್ಕೆ ಕಷ್ಟ. ಕೌಂಟರಿನಲ್ಲಿ ಇವನೇ ಇರ್ಲಿ ಅಂತ ಕಾಣ್ತದೆ."

ಭಾವನ ಮಗ ಕುರ್ಚಿಯ ಬೆನ್ನಿಗೆ ಕೈ ಇಟ್ಟಾಗಿತ್ತು. ಹಸನಬ್ಬರು ಏಳದೆ ನನ್ನನ್ನೇ ನೋಡುತ್ತಿದ್ದರು. ಸಾಲ ಇಟ್ಟ ಗಿರಾಕಿಯನ್ನು ಅಂಗಡಿಯವನು ನೋಡುವ ಹಾಗೆ ಅಲ್ಲ. ಪಾರ್ಸೆಲು ತಲುಪುತ್ತದೋ ಇಲ್ಲವೋ ಎಂದು ಕಾಯುವವರು ನೋಡುವ ಹಾಗೆ. ನನ್ನ ವ್ಯಾಪಾರಿ ಬುದ್ಧಿ ಆಗಲೂ ಒಂದು ಲೆಕ್ಕ ಹಾಕಿತು: ಸುಮ್ಮನಿದ್ದರೆ ಶಹಬ್ಬಾಸ್, ಹೇಳಿದರೆ ಧಣಿಗಳು ನನ್ನನ್ನೇ ಗೋದಾಮಿಗೆ ಕಳಿಸಬಹುದು. ಎದ್ದು ನಿಂತೆ.

"ಧಣಿಗಳೇ, ಬೆರಳು ಮೊದಲಿಂದ ಸರಿಯೇ ಇತ್ತು. ಸರಿ ಇಲ್ಲದಿದ್ದದ್ದು ನಾನು ಬರೆದ ಪ್ರೋಗ್ರಾಮು. ಅದನ್ನು ಕಂಡುಹಿಡಿದದ್ದೂ ಹಸನಬ್ಬರೇ."

ಗೋದಾಮಿನಲ್ಲಿ ಲಕ್ಷ್ಮಣ ಮೂಟೆ ಇಳಿಸುವುದನ್ನು ನಿಲ್ಲಿಸಿದ. ಧಣಿಗಳು ನನ್ನನ್ನು ನೋಡಿದರು, ಹಸನಬ್ಬರನ್ನು ನೋಡಿದರು, ಮೇಜಿನ ಮೇಲಿದ್ದ ರಟ್ಟನ್ನು ನೋಡಿದರು. ಅವರಿಗೆ ಹದಿನೈದು ವರ್ಷ ಹಿಂದಿನದು ನೆನಪಾಯಿತು ಎಂದು ಕಾಣುತ್ತದೆ.

"ಪುನಃ ಪುಸ್ತಕ ಬರೆದೆಯಾ ನೀನು?" ಎಂದರು.

"ಹೌದು ಧಣಿಗಳೇ."

ಧಣಿಗಳು ಹೊಟ್ಟೆ ಕುಲುಕಿಸಿ ನಕ್ಕರು. ಅವರು ನಕ್ಕ ಮೇಲೆ ಉಳಿದವರೂ ನಕ್ಕರು. ಭಾವನ ಮಗನನ್ನು ಬೇರೆ ಕಡೆ ಬುಕ್ಕಿಂಗಿಗೆ ಕಳಿಸಿದರು. ಹೋಗುವ ಮೊದಲು ನನಗೆ ಒಂದು ಆಜ್ಞೆಯಾಯಿತು: ಇನ್ನು ಮುಂದೆ ಯಾವ ಹೊಸ ಸ್ಕ್ರೀನನ್ನೂ ಬ್ಯಾರಿಗಳು ಮೊದಲು ಒತ್ತಿ ನೋಡದೆ ಯಾರಿಗೂ ಕೊಡಕೂಡದು. ಹಸನಬ್ಬರು ನಿವೃತ್ತರಾಗುವವರೆಗೆ ಆ ಆಜ್ಞೆ ನಡೆಯಿತು. ಅವರು ಒತ್ತಿ ಕೆಡಿಸದ ಸ್ಕ್ರೀನು ನನ್ನ ಹತ್ತಿರ ಒಂದೂ ಇರಲಿಲ್ಲ. ಹಾಗಾಗಿಯೇ ಗಿರಾಕಿಗಳ ಎದುರು ಕೆಟ್ಟದ್ದು ಕಡಿಮೆ.

ಎಲ್ಲರೂ ಚದುರಿದ ಮೇಲೆ ಹಸನಬ್ಬರು ಹೊರಗಿನ ಗಿರಾಕಿಯೊಬ್ಬನನ್ನು ಹೆಸರು ಹಿಡಿದು ಕರೆದರು. ಅವನ ಕೆಲಸ ಮುಗಿಸಿ, ನನ್ನ ಕಡೆ ತಿರುಗಿದರು.

"ಬಾ ಸದಾಶಿವ, ಚಾ ಕುಡಿ. ಅಂಜಲಿನ ಬುಟ್ಟಿ ಯಾವಾಗ ಕಳಿಸ್ತಿ?"

ಈಗ ಹೊಸದಾಗಿ ಸೇರುವವರಿಗೆ ನಾನು ಹೇಳುವುದು ಇಷ್ಟು. ತಿದ್ದಲು ಅಪ್ಪಣೆ ಇಲ್ಲ ಎಂದು ಯಂತ್ರ ಹೇಳಿದರೆ ಮೊದಲು ಅಪ್ಪಣೆ ವ್ಯೂ ಮೇಲೆ ಉಂಟೋ ಟೇಬಲಿನ ಮೇಲೆ ಉಂಟೋ ನೋಡಿ. ವ್ಯೂವನ್ನು ಅಳಿಸಿ ಪುನಃ ಕಟ್ಟಿದ್ದರೆ ಅಪ್ಪಣೆಯನ್ನೂ ಪುನಃ ಬರೆಯಿರಿ. ಎರಡೂ ಸರಿ ಇದ್ದರೆ, ನಿಮ್ಮ ಪ್ರೋಗ್ರಾಮು ನಿಜವಾಗಿ ಯಾವ ಯಾವ ಅಂಕಣಗಳನ್ನು ಬರೆಯಲು ಹೊರಟಿದೆ ಎಂಬ ಸಾಲನ್ನು ಹೊರತೆಗೆದು, ಬೆರಳಿಟ್ಟು ಓದಿ, ಬದಲಾಗದ್ದನ್ನು ಬರೆಯಬೇಡಿ. ಪರೀಕ್ಷೆಯನ್ನು ನಿಮ್ಮ ಲಾಗಿನ್ನಿನಲ್ಲಿ ಮಾಡಿ ಬೀಗಬೇಡಿ. ಆಫೀಸಿನಲ್ಲಿ ಎಲ್ಲರಿಗಿಂತ ಕಡಿಮೆ ಅಪ್ಪಣೆ ಯಾರಿಗುಂಟೋ ಅವರ ಕುರ್ಚಿಯಲ್ಲಿ, ಅವರ ಹೆಸರಿನಲ್ಲಿ ಕೂತು ಒತ್ತಿ ನೋಡಿ. ತರಬೇತಿಯ ದುಡ್ಡಿನಲ್ಲಿ ಚೌಕಾಶಿ ಮಾಡಬೇಡಿ. ಮೀನಿನಲ್ಲಿ ಎಷ್ಟು ಬೇಕಾದರೂ ಮಾಡಿ. ಮತ್ತೆ, ಯಾರ ಬೆರಳಿನ ಬಗ್ಗೆಯಾದರೂ ಮಾತಾಡುವ ಮೊದಲು ಸುತ್ತ ಎಷ್ಟು ಜನ ಇದ್ದಾರೆ ಎಂದು ಎಣಿಸಿಕೊಳ್ಳಿ. ವಾಪಸು ತೆಗೆಯುವಾಗ ಅಷ್ಟೇ ಜನರನ್ನು ನೀವೇ ಸೇರಿಸಬೇಕಾಗುತ್ತದೆ.